ತೋಟದ ಹಳ್ಳದಲ್ಲಿ ಟ್ರೌಟ್ ಬದುಕುತ್ತಾ?

ಪ್ರಶ್ನೆ: ಸರ್, ನಮ್ಮದು ಕಳಸದ ಹತ್ತಿರ ಹನ್ನೆರಡು ಎಕರೆ ಕಾಫಿ ತೋಟ. ತೋಟದ ಮಧ್ಯೆ ಒಂದು ಹಳ್ಳ ಹರಿಯುತ್ತದೆ. ಬೇಸಿಗೆಯಲ್ಲೂ ಬತ್ತುವುದಿಲ್ಲ. ಜನವರಿಯಲ್ಲಿ ಕಾಲಿಟ್ಟರೆ ಜುಮ್ಮೆನ್ನುತ್ತದೆ. ಇದರಲ್ಲಿ ಟ್ರೌಟ್ ಮೀನಿನ ಮರಿ ತಂದು ಬಿಡಬಹುದಾ? ಇನ್ನೊಂದು ವಿಷಯ. ಹಿಮಾಚಲಕ್ಕೆ ಹೋಗಿ, ನದಿಯಲ್ಲೇ ಹುಟ್ಟಿ ಬೆಳೆದ ಟ್ರೌಟ್ ಹಿಡಿಯಬೇಕು ಅಂತ ಬಹಳ ದಿನದ ಆಸೆ. ಚಿಕ್ಕಂದಿನಿಂದ ಗಾಳ ಹಾಕಿದ್ದೇನೆ. ಆದರೆ ಎರೆಹುಳ ಸಿಕ್ಕಿಸಿ ಬೆಂಡು ನೋಡುತ್ತಾ ಕೂರುವುದಷ್ಟೇ ಗೊತ್ತು. ಯಾವಾಗ ಹೋಗಬೇಕು, ಏನು ತಗೊಂಡು ಹೋಗಬೇಕು? ಹನ್ನೊಂದು ವರ್ಷದ ಮಗಳೂ ಬರುತ್ತೇನೆ ಅಂತ ಹಟ ಹಿಡಿದಿದ್ದಾಳೆ.

ಉತ್ತರ: ಮೊದಲನೆಯದಕ್ಕೆ ನನ್ನ ಉತ್ತರ ಬೇಡ ಅಂತಲೇ. ಬಿಟ್ಟ ಮರಿ ಬದುಕುವುದಿಲ್ಲ. ಅಕಸ್ಮಾತ್ ಬದುಕಿದರೆ ಅದು ಇನ್ನೂ ಕೆಟ್ಟದ್ದು.

ಜುಮ್ಮೆನ್ನುವುದು ನಿಮ್ಮ ಕಾಲಿಗೆ. 37 ಡಿಗ್ರಿ ಬಿಸಿಯಿರುವ ಮೈಗೆ 19 ಡಿಗ್ರಿ ನೀರೂ ಮಂಜಿನ ಹಾಗೆ ತಾಗುತ್ತದೆ. ಟ್ರೌಟ್‌ಗೆ 19 ಅಂದರೆ ಆಗಲೇ ಸೆಕೆ. 10ರಿಂದ 16 ಡಿಗ್ರಿ ನೀರಿನಲ್ಲಿ ಅದು ಆರಾಮಾಗಿರುತ್ತದೆ. 20 ದಾಟಿದರೆ ಮೇವು ಕಮ್ಮಿ ಮಾಡುತ್ತದೆ. 25ರ ಹತ್ತಿರ ಹೋದರೆ ಹೆಚ್ಚು ದಿನ ಉಳಿಯುವುದಿಲ್ಲ. ಸಕಲೇಶಪುರದ ಹತ್ತಿರ ನಮ್ಮ ನೆಂಟರ ತೋಟದಲ್ಲೂ ನಿಮ್ಮಂಥದ್ದೇ ಒಂದು ಹಳ್ಳವಿದೆ. ಡಿಸೆಂಬರ್ ಬೆಳಿಗ್ಗೆ ಥರ್ಮಾಮೀಟರಿಗೆ ದಾರ ಕಟ್ಟಿ ಅಲ್ಲೊಂದು ಗುಂಡಿಗೆ ಇಳಿಬಿಟ್ಟೆ, 18 ತೋರಿಸಿತು. ಮಾವನಿಗೆ ಖುಷಿಯೋ ಖುಷಿ, ‘ನೋಡಿದೆಯಾ, ಫ್ರಿಜ್ ನೀರು’ ಅಂದರು. ಅದೇ ಗುಂಡಿ, ಅದೇ ಬಂಡೆಯ ನೆರಳು, ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಗೆ 25 ತೋರಿಸಿತು. ಟ್ರೌಟ್‌ನ ಹಣೆಬರಹ ಬರೆಯುವುದು ಜನವರಿಯ ಬೆಳಗಲ್ಲ, ಏಪ್ರಿಲ್‌ನ ಆ ಮೂರು ಗಂಟೆ.

ಬಿಸಿ ಅಂದರೆ ಬರೀ ಬಿಸಿಯಲ್ಲ, ಉಸಿರಿನ ಪ್ರಶ್ನೆಯೂ ಹೌದು. 10 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 25 ಡಿಗ್ರಿಗೆ ಅದು 8ರ ಆಸುಪಾಸಿಗೆ ಇಳಿಯುತ್ತದೆ. ಮೀನಿಗೆ ಮಾತ್ರ ನೀರು ಬೆಚ್ಚಗಾದಷ್ಟೂ ಉಸಿರು ಜಾಸ್ತಿ ಬೇಕು. ನಮ್ಮ ಹಳ್ಳದ ಮೀನುಗಳಿಗೆ ಈ ಲೆಕ್ಕ ಒಗ್ಗಿದೆ, ಟ್ರೌಟ್‌ಗೆ ಒಗ್ಗಿಲ್ಲ. ಮೊಟ್ಟೆಯ ಕಥೆ ಇನ್ನೂ ಸೂಕ್ಷ್ಮ. ಬ್ರೌನ್ ಟ್ರೌಟ್ ಎಂಬ ಜಾತಿ ಚಳಿಗಾಲದ ಬಾಯಲ್ಲಿ ಜಲ್ಲಿಕಲ್ಲನ್ನು ಬಾಲದಿಂದ ಕೆದಕಿ ಮೊಟ್ಟೆ ಹೂಳುತ್ತದೆ. 10 ಡಿಗ್ರಿಯಲ್ಲಿ ಮರಿ ಒಡೆಯಲು ನಲವತ್ತು ದಿನದಷ್ಟು ಬೇಕು, 5 ಡಿಗ್ರಿಯಾದರೆ ಅದರ ದುಪ್ಪಟ್ಟು. ಅಷ್ಟೂ ದಿನ ನೀರು ತಣ್ಣಗಿರಬೇಕು, ಕಲ್ಲಿನ ಸಂದಿಯಲ್ಲಿ ಹರಿಯುತ್ತಲೂ ಇರಬೇಕು. ನಮ್ಮಲ್ಲಿ ಅಂಥ ನಲವತ್ತು ದಿನ ಎಲ್ಲಿದೆ?

‘ಊಟಿಯಲ್ಲಿ ಇದೆಯಲ್ಲ’ ಅಂತ ನೀವು ಕೇಳಬಹುದು. ಇದೆ. 1900ರ ದಶಕದಲ್ಲಿ ನೀಲಗಿರಿಯ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಶುರು ಮಾಡಿ ರೇನ್‌ಬೋ ಟ್ರೌಟ್ ಎಂಬ ಇನ್ನೊಂದು ಜಾತಿ ಬಿಟ್ಟರು, ಅದು ನೆಲೆ ನಿಂತಿತು. ಆದರೆ ಅಲ್ಲಿನ ಹೊಳೆಗಳು ಹರಿಯುವುದೇ ಎರಡು ಸಾವಿರ ಮೀಟರ್ ಎತ್ತರದ ಬಯಲಿನಲ್ಲಿ. ದೊಡ್ಡಬೆಟ್ಟ 2637 ಮೀಟರ್. ನಮ್ಮ ಮುಳ್ಳಯ್ಯನಗಿರಿ ರಾಜ್ಯಕ್ಕೇ ಎತ್ತರವಾದರೂ 1930 ಮೀಟರಿಗೆ ಮುಗಿಯುತ್ತದೆ. ಆ ತುದಿಯ ನೀರು ಕೆಳಗಿಳಿದು ಹಳ್ಳ ಅನ್ನಿಸಿಕೊಳ್ಳುವ ಹೊತ್ತಿಗೆ ಸಾವಿರ ಮೀಟರಿಗೆ ಬಂದಿರುತ್ತದೆ.

ಇನ್ನು, ಬದುಕಿದರೆ ಯಾಕೆ ಕೆಟ್ಟದ್ದು? ನಿಮ್ಮ ತೋಟದಲ್ಲಿ ನೆರಳಿಗೆ ಸಿಲ್ವರ್ ಓಕ್ ಇರಬೇಕು. ಆಸ್ಟ್ರೇಲಿಯಾದ ಮರ. ನೆಟ್ಟಲ್ಲಿ ನಿಂತು, ಮೆಣಸಿನ ಬಳ್ಳಿ ಹೊತ್ತುಕೊಂಡು ಸುಮ್ನಿದೆ. ಬೇಲಿಯಾಚೆ ಲಂಟಾನವೂ ಇದೆ, ಅದೂ ಹೊರಗಿನದೇ. ಅದು ಏನು ಮಾಡಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಟ್ರೌಟ್ ಲಂಟಾನದ ಜಾತಿ. ಬ್ರೌನ್ ಯುರೋಪಿನದು, ರೇನ್‌ಬೋ ಉತ್ತರ ಅಮೆರಿಕದ ಪಡುವಣ ತೀರ ಮತ್ತು ರಷ್ಯಾದ ಕಮ್‌ಚಾಟ್ಕಾದ್ದು. ಜಗತ್ತಿನಲ್ಲಿ ಅತಿ ಹೆಚ್ಚು ಹಾವಳಿ ಮಾಡಿದ ನೂರು ಹೊರಗಿನ ಜೀವಿಗಳ ಪಟ್ಟಿಯಲ್ಲಿ ಇವೆರಡೂ ಇವೆ. ಘಟ್ಟದ ಹಳ್ಳಗಳಲ್ಲಿ ಬೇರೆಲ್ಲೂ ಸಿಗದ ಬೆರಳುದ್ದದ ಮೀನುಗಳಿವೆ, ಕಪ್ಪೆಗಳಿವೆ. ಅವುಗಳ ಮಧ್ಯೆ ಬಾಯಿ ತುಂಬ ಹಲ್ಲಿರುವ ಹೊಸ ಮೀನನ್ನು ಬಿಟ್ಟು ಬಂದವರು ನಾವಾಗುವುದು ಬೇಡ. ನಿಮ್ಮ ಹಳ್ಳ ಕೊನೆಗೆ ಭದ್ರೆಗೆ ತಾನೇ ಸೇರುವುದು?

ಹಳ್ಳಕ್ಕೆ ಒಳ್ಳೆಯದು ಮಾಡಬೇಕು ಅಂತಿದ್ದರೆ ಒಂದು ಕೆಲಸ ಇದೆ. ಕುಯ್ಲಿನ ಕಾಲದಲ್ಲಿ ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದಿಂದ ಬರುವ ನೀರು, ಅದಕ್ಕೆ ಸೇರದ ಹಾಗೆ ನೋಡಿಕೊಳ್ಳಿ. ಹಣ್ಣಿನ ಸಿಪ್ಪೆ, ಲೋಳೆ ಎಲ್ಲ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಡಿಸೆಂಬರ್, ಜನವರಿಯಲ್ಲಿ ಹಳ್ಳ ಕಂದಾಗಿ ಹುಳಿ ವಾಸನೆ ಬರುತ್ತದಲ್ಲ, ಆಗ ಗುಂಡಿಯ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ನನ್ನ ಕಣ್ಣಿಗೆ ತೋಟೆ ಸಿಡಿಸಿ ಮೀನು ಕೊಲ್ಲುವವರಿಗಿಂತ ಇದೇ ದೊಡ್ಡ ಪಾಪ. ಯಾಕೆಂದರೆ ಇದನ್ನು ಪ್ರತಿ ವರ್ಷ, ಊರಿಗೆ ಊರೇ, ಗೊತ್ತಿಲ್ಲದೆ ಮಾಡುತ್ತೇವೆ.

ಸರಿ, ಹಿಮಾಚಲಕ್ಕೆ ಬರೋಣ. ಅಲ್ಲಿಯ ಟ್ರೌಟ್ ಕೂಡ ವಲಸೆ ಬಂದದ್ದೇ. ಇಂಗ್ಲಿಷರು ಮೊದಲು ಕಾಶ್ಮೀರಕ್ಕೆ ಮೊಟ್ಟೆ ತರಿಸಿದರು. 1899ರಲ್ಲಿ ಬಂದ ಮೊಟ್ಟೆಗಳು ದಾರಿಯಲ್ಲೇ ಹಾಳಾದವು, 1900ರಲ್ಲಿ ಬಂದವು ಉಳಿದವು. 1909ರಲ್ಲಿ ಅಲ್ಲಿಂದ ಬಿಯಾಸ್ ಕಣಿವೆಗೆ ತಂದರು. ನೂರು ವರ್ಷದ ಮೇಲಾಯಿತು. ಬ್ರೌನ್ ಟ್ರೌಟ್ ಅಲ್ಲಿನ ಹೊಳೆಗಳಲ್ಲಿ ತಾನೇ ಮರಿ ಮಾಡಿಕೊಂಡು ಕಾಡು ಮೀನಾಗಿದೆ. ರೇನ್‌ಬೋ ಹೆಚ್ಚಾಗಿ ಸಾಕಣೆ ಕೊಳದ್ದು. ದಾರಿ ಬದಿಯ ಹೋಟೆಲ್ ತಟ್ಟೆಯಲ್ಲಿ ಬರುವುದು ಸಾಮಾನ್ಯವಾಗಿ ಅದೇ. ಹಾಗಾಗಿ ನೀವು ಹುಡುಕಬೇಕಾದದ್ದು ಬ್ರೌನ್ ಟ್ರೌಟ್.

ನಾನಾದರೆ ತೀರ್ಥನ್ ಕಣಿವೆಗೆ ಹೋಗಿ ಅನ್ನುತ್ತೇನೆ. ದೆಹಲಿಯಿಂದ ಮನಾಲಿ ಕಡೆಯ ರಾತ್ರಿ ಬಸ್ಸು ಹತ್ತಿ ಔಟ್ ಎಂಬಲ್ಲಿ ಇಳಿಯಬೇಕು. ಅಲ್ಲಿಂದ ಬಂಜಾರ್, ಅದನ್ನು ದಾಟಿ ಗುಶೈನಿ. ನದಿ ಬರುವುದು ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದಿಂದ. 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಾಡು ಅದು. ಗಾಳ ಹಾಕುವುದು ಉದ್ಯಾನದ ಹೊರಗಿನ ನೀರಿನಲ್ಲಿ. ಅದಕ್ಕೂ ಮೀನುಗಾರಿಕೆ ಇಲಾಖೆಯ ದಿನದ ಲೈಸೆನ್ಸ್ ಬೇಕು. ಚೀಟಿಯಲ್ಲಿ ಎಷ್ಟು ಮೀನು, ಎಷ್ಟು ಉದ್ದ ಅಂತೆಲ್ಲ ಬರೆದಿರುತ್ತದೆ. ಓದದೆ ಜೇಬಿಗೆ ಹಾಕಬೇಡಿ.

ಯಾವಾಗ? ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆಯ ಕಾಲ. ಮಾರ್ಚ್, ಏಪ್ರಿಲ್ ಒಳ್ಳೆಯದು. ಆದರೆ ನಿಮಗೆ ಆಗ ಮೆಣಸು ಕುಯ್ಲು, ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಗಲಾಟೆ. ಮೇ ಬಂದರೆ ಹಿಮ ಕರಗಿ ನೀರು ಹಾಲು ಬೆರೆಸಿದ ಹಾಗಾಗುತ್ತದೆ. ಮಳೆಗಾಲದಲ್ಲಿ ಕೆಸರು. ಉಳಿದದ್ದು ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್. ನೀರು ತಿಳಿ, ಮೀನಿಗೆ ಹಸಿವು, ನಿಮ್ಮ ಅರೇಬಿಕಾ ಕುಯ್ಲು ಇನ್ನೂ ಶುರುವಾಗಿರುವುದಿಲ್ಲ, ಮಗಳಿಗೆ ದಸರಾ ರಜೆ. ಇದಕ್ಕಿಂತ ಒಳ್ಳೆ ಹೊಂದಾಣಿಕೆ ಸಿಗಲಿಕ್ಕಿಲ್ಲ. ಒಂದೇ ಎಚ್ಚರಿಕೆ: ಅಕ್ಟೋಬರ್ ಕೊನೆಗೆ ಕೆಲವು ಮೀನು ಆಗಲೇ ಗೂಡು ಮಾಡುತ್ತಿರುತ್ತವೆ. ಪಾಚಿ ಹಿಡಿದ ಜಲ್ಲಿಯ ನಡುವೆ ಮೊರದಷ್ಟು ಅಗಲ ಜಾಗ ತೊಳೆದಿಟ್ಟ ಹಾಗೆ ಬೆಳ್ಳಗೆ ಕಂಡರೆ ಅಲ್ಲಿ ಕಾಲಿಡಬೇಡಿ, ಅಲ್ಲಿರುವ ಮೀನಿಗೆ ಗಾಳವನ್ನೂ ಹಾಕಬೇಡಿ.

ಈಗ ಮುಖ್ಯ ಸಂಗತಿ. ಮೀನು ಎಲ್ಲಿರುತ್ತದೆ?

ಮೊದಲ ಸಲ ಹೋದಾಗ ನಾನು ಪೆದ್ದನ ಹಾಗೆ ಎರಡು ದಿನ ಹಾಳು ಮಾಡಿದೆ. ನೀರಿಗೆ ಮೊಣಕಾಲುದ್ದ ಇಳಿದು, ನದಿಯ ನಟ್ಟನಡುವಿನ ದೊಡ್ಡ ಮಡುವಿಗೆ ಬೀಸಿ ಬೀಸಿ ಎಸೆದೆ. ಭುಜ ನೋವು ಬಂದದ್ದಷ್ಟೇ ಲಾಭ. ಮೂರನೇ ದಿನ ಆ ಊರಿನ ಒಬ್ಬ ಮುದುಕ ದಡದಲ್ಲಿ ಕೂತು ಬೀಡಿ ಸೇದುತ್ತಾ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಕೈಸನ್ನೆ ಮಾಡಿ ಕರೆದ. ನನ್ನ ಹಿಂದಿ ಅಷ್ಟಕ್ಕಷ್ಟೆ, ಅವನದು ಅರ್ಧ ಪಹಾಡಿ. ಅರ್ಥವಾದದ್ದು ಇಷ್ಟು: ‘ನೀನು ನಿಂತಿದ್ದೆಯಲ್ಲ, ಮೀನು ಅಲ್ಲೇ ಇತ್ತು.’ ಆಮೇಲೆ ನೀರಿನಿಂದ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಎತ್ತಿ ಮಗುಚಿ ತೋರಿಸಿದ. ಅಡಿಯಲ್ಲಿ ಚಪ್ಪಟೆ ಹುಳ, ಉಗುರಿನಷ್ಟುದ್ದ, ಮೂರು ಬಾಲ, ಕಲ್ಲಿಗೆ ಅಂಟಿಕೊಂಡು ಸರಸರ ಓಡುತ್ತಿತ್ತು. ಪಕ್ಕದಲ್ಲಿ ಮರಳಿನ ಕಣಗಳನ್ನೇ ಅಂಟಿಸಿ ಕಟ್ಟಿಕೊಂಡ ಸಣ್ಣ ಕೊಳವೆಗಳು, ಪ್ರತಿ ಕೊಳವೆಯಲ್ಲೂ ಒಂದೊಂದು ಹುಳ. ಟ್ರೌಟ್‌ನ ಊಟ ಅದು. ನೀರು ಕೊಚ್ಚಿ ತಂದದ್ದನ್ನು ಕೂತಲ್ಲೇ ತಿನ್ನುವ ಮೀನಿಗೆ ನದಿ ಮಧ್ಯದ ಸೆಳವಿನಲ್ಲಿ ಈಜಿ ಸುಸ್ತಾಗುವ ಅಗತ್ಯ ಏನಿದೆ?

ನಿಮ್ಮ ಹಳ್ಳದ ಕಲ್ಲನ್ನೂ ಹೀಗೇ ಮಗುಚಿ ನೋಡಿ. ಮೂರು ಬಾಲದ ಹುಳ ಇರುತ್ತದೆ, ಎರಡು ಬಾಲದ್ದೂ ಸಿಗಬಹುದು, ಮರಳಿನ ಕೊಳವೆಯೂ ಇರುತ್ತದೆ. ಜಾತಿ ಬೇರೆ, ಮನೆತನ ಅದೇ. ಪಲ್ಪರ್ ನೀರು ಸೇರುವ ಹಳ್ಳದಲ್ಲಿ ಮೊದಲು ಮಾಯವಾಗುವುದೂ ಇವೇ.

ಇನ್ನೊಂದು ಪುಕ್ಕಟೆ ಪಾಠ ನಿಮ್ಮ ಹತ್ತಿರವೇ ಇದೆ. ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲ ಮೇಲೆ ಕೂತು, ಪುರಿ ಎಸೆಯದೆ, ಅರ್ಧ ಗಂಟೆ ದೇವರ ಮೀನುಗಳನ್ನು ನೋಡಿ. ಪುರಿ ಬಿದ್ದರೆ ಅವು ಗುಂಪು ಕಟ್ಟಿ ಮುಗಿಬೀಳುತ್ತವೆ, ಆಗ ಕಲಿಯುವುದಕ್ಕೆ ಏನೂ ಇಲ್ಲ. ಪುರಿ ಇಲ್ಲದಾಗ ನೋಡಬೇಕು. ಹರಿವು ಇರುವ ಕಡೆ ಎಲ್ಲವೂ ಮೂತಿಯನ್ನು ಮೇಲ್ಗಡೆಗೆ, ಅಂದರೆ ನೀರು ಬರುವ ದಿಕ್ಕಿಗೆ ಇಟ್ಟುಕೊಂಡಿರುತ್ತವೆ. ದೊಡ್ಡವು ಓಡುವ ನೀರು ಮತ್ತು ನಿಂತ ನೀರು ಕೂಡುವ ಗೆರೆಯ ಪಕ್ಕದಲ್ಲಿ ನಿಂತಿರುತ್ತವೆ. ಮೈ ನಿಂತ ನೀರಿನಲ್ಲಿ, ಕಣ್ಣು ಓಡುವ ನೀರಿನ ಮೇಲೆ. ಏನಾದರೂ ತೇಲಿ ಬಂದರೆ ಒಂದು ಗೇಣು ಸರಿದು ಬಾಯಿಗೆ ಹಾಕಿಕೊಂಡು ಮತ್ತೆ ಸ್ವಸ್ಥಾನ. ಹಾಸನದ ಕಡೆಯವರು ಕಾವೇರಿಯ ರಾಮನಾಥಪುರದಲ್ಲೂ ಇದನ್ನು ನೋಡಬಹುದು. ಟ್ರೌಟ್ ಮಾಡುವುದೂ ಇದನ್ನೇ. ಬಂಡೆಯ ಹಿಂದೆ, ಬಂಡೆಯ ಮುಂದಿನ ಸಣ್ಣ ತಗ್ಗಿನಲ್ಲಿ, ನೀರು ಕೊರೆದ ದಡದ ಅಡಿಯಲ್ಲಿ, ನೊರೆಯ ಗೆರೆ ಹರಿಯುವ ಅಂಚಿನಲ್ಲಿ ಅದು ಕಾಯುತ್ತಿರುತ್ತದೆ. ಎಷ್ಟೋ ಸಲ ದಡದಿಂದ ಎರಡು ಮಾರು ದೂರವೂ ಇರುವುದಿಲ್ಲ.

ಮೂತಿ ಮೇಲ್ಗಡೆಗೆ ಇದೆ ಅಂದ ಮೇಲೆ ನೀವು ಬರಬೇಕಾದದ್ದು ಕೆಳಗಿನಿಂದ, ಅದರ ಬೆನ್ನ ಹಿಂದಿನಿಂದ. ಬಗ್ಗಿ ನಡೆಯಿರಿ. ನೆರಳು ನೀರಿನ ಮೇಲೆ ಬೀಳಬಾರದು. ಕಲ್ಲು ಉರುಳಿಸಬೇಡಿ. ಮಾತು ಅದಕ್ಕೆ ಅಷ್ಟಾಗಿ ಕೇಳಿಸುವುದಿಲ್ಲ, ಹೆಜ್ಜೆಯ ಅದುರು ಚೆನ್ನಾಗಿ ತಿಳಿಯುತ್ತದೆ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ, ಆ ಕಿತ್ತಳೆ ಬಣ್ಣದ ಜಾಕೆಟ್ ಫೋಟೋಗೆ ಇಟ್ಟುಕೊಳ್ಳಿ.

ಸಾಮಾನಿನ ವಿಷಯ ಜಾಸ್ತಿ ಎಳೆಯುವುದಿಲ್ಲ. ಎರೆಹುಳ ಬೇಡ. ಟ್ರೌಟ್ ಅದನ್ನು ಗಂಟಲಿನವರೆಗೆ ನುಂಗುತ್ತದೆ, ಆಮೇಲೆ ಬಿಟ್ಟರೂ ಬದುಕುವುದು ಕಷ್ಟ. ಉಳಿದದ್ದು ಎರಡು ದಾರಿ, ಸ್ಪಿನ್ನರ್ ಅಥವಾ ಫ್ಲೈ. ಸ್ಪಿನ್ನರ್ ಅಂದರೆ ನೀರಿನಲ್ಲಿ ಗಿರಗಿರ ತಿರುಗುವ ಸಣ್ಣ ತಗಡಿನ ಎಲೆ. ಒಂದು ಅಥವಾ ಎರಡನೇ ನಂಬರಿನದು ಸಾಕು. ಆರೂವರೆ ಅಡಿಯ ಹಗುರ ರಾಡ್, ಆರು ಪೌಂಡ್ ತೂಕ ತಡೆಯುವ ನೈಲಾನ್ ದಾರ. ಓರೆಯಾಗಿ ಮೇಲ್ಗಡೆಗೆ ಎಸೆದು, ಹರಿವಿಗಿಂತ ಒಂಚೂರು ಬೇಗ ಸುತ್ತಿಕೊಳ್ಳಬೇಕು. ನಿಧಾನವಾದರೆ ಎಲೆ ತಿರುಗುವುದಿಲ್ಲ, ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಅಂಗಡಿಯಿಂದ ಬರುವಾಗ ಮೂರು ಕೊಕ್ಕೆಯ ಗಾಳ ಇರುತ್ತದೆ, ಅದನ್ನು ತೆಗೆದು ಒಂಟಿ ಗಾಳ ಹಾಕಿ. ಹಿಮ್ಮುಳ್ಳನ್ನು ಕಟಿಂಗ್ ಪ್ಲೇಯರಿನಿಂದ ಒತ್ತಿ ಚಪ್ಪಟೆ ಮಾಡಿ.

ಫ್ಲೈ ಬೇರೆಯದೇ ಲೋಕ. ಗಾಳಕ್ಕೆ ಪುಕ್ಕ, ನೂಲು ಸುತ್ತಿ ಮಾಡಿದ ಹುಳಕ್ಕೆ ತೂಕವೇ ಇರುವುದಿಲ್ಲ. ಹಾಗಾಗಿ ಇಲ್ಲಿ ದಾರಕ್ಕೇ ತೂಕ, ಎಸೆಯುವುದೂ ದಾರವನ್ನೇ. ಒಂಬತ್ತು ಅಡಿಯ ಐದನೇ ನಂಬರಿನ ರಾಡ್, ದಾರದ ತುದಿಗೆ ಒಂಬತ್ತು ಅಡಿ ಸಪೂರ ನೈಲಾನ್. ಹಿಂದಕ್ಕೆ ಬೀಸಿ ನಿಲ್ಲಿಸಬೇಕು. ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು, ಆಮೇಲೆ ಮುಂದಕ್ಕೆ. ಹೊಸಬರಿಗೆ ಆ ಕಾಯುವುದೇ ಬರುವುದಿಲ್ಲ. ಕಲಿಯಲು ನದಿ ಬೇಕಿಲ್ಲ. ನಿಮ್ಮ ಕಾಫಿ ಕಣ ಮಳೆಗಾಲ ಕಳೆದ ಮೇಲೆ ಖಾಲಿ ಬಿದ್ದಿರುತ್ತದಲ್ಲ? ಗಾಳದ ಬದಲು ಒಂದು ತುಂಡು ಉಲ್ಲನ್ ದಾರ ಕಟ್ಟಿ, ಹದಿನೈದು ಹೆಜ್ಜೆ ದೂರಕ್ಕೆ ಒಂದು ಮೊರ ಇಟ್ಟು, ದಿನಾ ಸಂಜೆ ಅರ್ಧ ಗಂಟೆ ಎಸೆಯಿರಿ. ಆಳುಗಳು ನಗುತ್ತಾರೆ, ನಗಲಿ. ಇಷ್ಟು ಮಾಡಲು ಆಗದಿದ್ದರೆ ಸ್ಪಿನ್ನರೇ ತಗೊಂಡು ಹೋಗಿ. ಮೂರು ದಿನದ ರಜೆಯಲ್ಲಿ ಫ್ಲೈ ಕಲಿಯುತ್ತೇನೆ ಅಂತ ಹೊರಟವರು ಹೆಚ್ಚಾಗಿ ಹಿಂದಿನ ಮರ ಹತ್ತಿ ಗಾಳ ಬಿಡಿಸುವುದರಲ್ಲೇ ರಜೆ ಕಳೆಯುತ್ತಾರೆ.

ಫ್ಲೈ ನೀರಿಗೆ ಬಿದ್ದ ಮೇಲೆ ಒಂದೇ ನಿಯಮ. ಅದು ಒಣ ಎಲೆಯ ಹಾಗೆ ನೀರಿನ ವೇಗದಲ್ಲೇ ತೇಲಬೇಕು. ದಾರ ಅದನ್ನು ಎಳೆದು ನೀರಿನ ಮೇಲೆ ಗೀರು ಬಿದ್ದರೆ ಮುಗಿಯಿತು, ಅಂಥ ಹುಳವನ್ನು ಟ್ರೌಟ್ ಆಯುಷ್ಯದಲ್ಲಿ ನೋಡಿರುವುದಿಲ್ಲ.

ಮೀನು ಹಿಡಿಯಿತು ಅನ್ನಿ. ಮಳೆ ಶುರುವಾದಾಗ ಹಳ್ಳ ಹತ್ತಿ ಬರುವ ನಮ್ಮ ಹತ್ತುಮೀನು ಕಡಿಯುವ ಹುರುಪಿನಲ್ಲಿ ದಡಕ್ಕೆ ಎಳೆದು ಬಿಸಾಕಬೇಡಿ. ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಅದಿಲ್ಲದೆ ಬೂಷ್ಟು ಹಿಡಿದು ಸಾಯುತ್ತದೆ. ನೀರಿನಲ್ಲೇ ಇಟ್ಟು ಗಾಳ ಬಿಡಿಸಿ, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಮೂತಿಯನ್ನು ಹರಿವಿಗೆ ಹಿಡಿಯಿರಿ. ಆಗ ಒಮ್ಮೆ ನೋಡಿಕೊಳ್ಳಿ. ಬೆನ್ನು ಹೊಳೆಯ ಕಲ್ಲಿನ ಬಣ್ಣ, ಪಕ್ಕೆ ಹಳೆಯ ಹಿತ್ತಾಳೆಯ ಬಣ್ಣ. ಅದರ ಮೇಲೆ ಕಪ್ಪು ಚುಕ್ಕೆ, ನಡುನಡುವೆ ಕುಂಕುಮದ ಬೊಟ್ಟಿನಂಥ ಕೆಂಪು ಚುಕ್ಕೆ, ಪ್ರತಿ ಚುಕ್ಕೆಯ ಸುತ್ತ ತಿಳಿ ಬಣ್ಣದ ಒಂದು ಬಳೆ. ಪಕ್ಕೆಯುದ್ದಕ್ಕೂ ಗುಲಾಬಿ ಪಟ್ಟೆ ಇದ್ದರೆ ಅದು ರೇನ್‌ಬೋ. ನಿಮ್ಮ ಅಂಗೈಯಲ್ಲಿ ಅದರ ಬಾಲ ಬಿಗಿಯಾದಾಗ ಬಿಡಿ, ತಾನೇ ಹೋಗುತ್ತದೆ.

ನಡುವೆ ಊರಿನ ನೀರಿನ ಬಗ್ಗೆ ಒಂದು ಮಾತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೂ, ಮುತ್ತೋಡಿ ಕಡೆಯ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಒಳಗೂ ಗಾಳ ಹಾಕುವಂತಿಲ್ಲ. ನಿಮ್ಮ ಹಳ್ಳದಲ್ಲಿ ಪಕ್ಕೆಗೆ ನೀಲಿ ಪಟ್ಟೆ ಅಥವಾ ಚುಕ್ಕೆ ಇರುವ, ನೀರಿನ ಮೇಲಿನ ನೊಣಕ್ಕೆ ಚಂಗನೆ ಹಾರುವ ಬೆರಳುದ್ದದ ಮೀನು ಇದ್ದರೆ, ಅದು ಬ್ಯಾರಿಲ್ ಗುಂಪಿನದು. ಮಗಳ ಜೊತೆ ಕೂತು ಅದು ಎಲ್ಲಿ ನಿಲ್ಲುತ್ತದೆ, ಯಾವಾಗ ಹಾರುತ್ತದೆ ಅಂತ ನೋಡಿ. ಟ್ರೌಟ್‌ಗೆ ಹೋಲುವ ನಡವಳಿಕೆ ನಿಮ್ಮ ತೋಟದಲ್ಲೇ ಇದೆ. ಮರಿ ತರಿಸುವ ಖರ್ಚೂ ಇಲ್ಲ.

ಇನ್ನು ಮಗಳ ವಿಷಯ. ಖಂಡಿತ ಕರೆದುಕೊಂಡು ಹೋಗಿ, ಆದರೆ ನೀರಿಗೆ ಇಳಿಸಬೇಡಿ. ಆ ನೀರಿನಲ್ಲಿ ಐದು ನಿಮಿಷಕ್ಕೆ ಕಾಲು ಮರಗಟ್ಟುತ್ತದೆ, ಕಲ್ಲುಗಳು ಸೋಪಿನ ಹಾಗೆ ಜಾರುತ್ತವೆ. ತೀರ್ಥನ್ ಹೋಗಿ ಸೇರುವ ಬಿಯಾಸ್ ನದಿಯಲ್ಲಿ 2014ರ ಜೂನ್‌ನಲ್ಲಿ ಅಣೆಕಟ್ಟಿನಿಂದ ಬಿಟ್ಟ ನೀರು ಇದ್ದಕ್ಕಿದ್ದಂತೆ ಏರಿ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರೇನು ಈಜುತ್ತಿರಲಿಲ್ಲ, ಬಂಡೆಗಳ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದರು. ಆದ್ದರಿಂದ ಅಣೆಕಟ್ಟಿನ ಕೆಳಗಿನ ನೀರಿಗೆ ಹೋಗಲೇಬೇಡಿ. ಬೇರೆ ಕಡೆಯೂ ನೀರು ಕಲಕಿದರೆ, ಎಲೆ ಕಡ್ಡಿ ತೇಲಿ ಬಂದರೆ, ಅರ್ಧ ನಿಮಿಷವೂ ಯೋಚಿಸದೆ ಮೇಲೆ ಬನ್ನಿ. ಹುಡುಗಿಗೆ ಲೈಫ್ ಜಾಕೆಟ್ ಇಲ್ಲಿಂದಲೇ ಒಯ್ಯಿರಿ, ಅವಳ ಅಳತೆಯದ್ದು ಅಲ್ಲಿ ಸಿಗದೆ ಹೋಗಬಹುದು. ಕಣ್ಣಿಗೆ ಕನ್ನಡಕ ಕಡ್ಡಾಯ, ಬರೀ ಪ್ಲಾಸ್ಟಿಕ್ ಕನ್ನಡಕವಾದರೂ ಸರಿ. ನೀವು ಎಸೆಯುವಾಗ ಅವಳು ನಿಮ್ಮ ಹಿಂದೆ ನಿಲ್ಲಬಾರದು. ಗಾಳ ಮೊದಲು ಹೋಗುವುದೇ ಹಿಂದಕ್ಕೆ.